ಬೂದಾದ, ಪಾಚಿ ಹಿಡಿದ ಕಾರಿನ ಬೀಡಿಂಗ್: ಕೊಡಗಿನ ಮಳೆ ಕಂಡ ಗಾಡಿಗೊಂದು ಸಮಗ್ರ ಮಾರ್ಗದರ್ಶಿ

ಮಳೆ ಮುಗಿದು ಮೊದಲ ಬಿಸಿಲು ಬಿದ್ದ ದಿನ ಕಾರನ್ನು ಶೆಡ್‌ನಿಂದ ಹೊರಗೆ ತೆಗೆದು ನೋಡಿ. ಪೇಂಟ್ ಅಷ್ಟೇನೂ ಕೆಟ್ಟಿರುವುದಿಲ್ಲ. ಒಂದು ಸಲ ತೊಳೆದರೆ ಸರಿಹೋಗುತ್ತದೆ. ಗಾಜಿನ, ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್ ಇದೆಯಲ್ಲ, ಗಾಡಿಯ ವಯಸ್ಸು ಹೇಳಿಬಿಡುವುದು ಅದು. ಒಂದು ಕಡೆ ಬೂದು, ಇನ್ನೊಂದು ಕಡೆ ಸುಣ್ಣ ಬಳಿದ ಹಾಗೆ ಬಿಳಿ, ಹಿಂದಿನ ಗಾಜಿನ ಕೆಳಗೆ ಹಸಿರು ಪಾಚಿ. ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಒಂದು ವರ್ಷ ನಮ್ಮ ಕಾರಿನ ಹಿಂದಿನ ಗಾಜಿನ ಸಂದಿಯಲ್ಲಿ ಪಾಚಿಯ ಮೇಲೆ ಸಣ್ಣ ಗಿಡವೇ ಹುಟ್ಟಿತ್ತು. ಎರಡು ಎಲೆ ಬಿಟ್ಟಿತ್ತು. ಮಗಳು ಒಂದು ವಾರ ಅದನ್ನು ಕೀಳಲು ಬಿಡಲಿಲ್ಲ.

ಅದೇ ವರ್ಷ ನಾನೊಂದು ಎಡವಟ್ಟು ಮಾಡಿಕೊಂಡೆ. ಗಾಡಿ ಕೆಲಸ ಗೊತ್ತಿರುವವರೊಬ್ಬರು, "ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಒರೆಸಿ ಸಾರ್, ಶೋರೂಂನಿಂದ ತಂದ ಹಾಗೆ ಆಗುತ್ತೆ" ಅಂದರು. ಒರೆಸಿದೆ. ನಿಜಕ್ಕೂ ಹಾಗೇ ಆಯಿತು, ಎರಡು ವಾರ. ಆಮೇಲೆ ಬಾಗಿಲ ಬೀಡಿಂಗ್ ಊದಿಕೊಂಡು ಅಲ್ಲಲ್ಲಿ ಎದ್ದು ನಿಂತಿತು. ಬಾಗಿಲನ್ನು ಎರಡೆರಡು ಸಲ ಬಡಿದು ಹಾಕಬೇಕಾಯಿತು. ಕೊನೆಗೆ ಎರಡು ಬಾಗಿಲಿಗೆ ಹೊಸ ಬೀಡಿಂಗ್ ಹಾಕಿಸಿದೆ. ಕಲೆ ಯಾವುದೆಂದು ನೋಡದೆ ಮೇಲಿಂದ ಕಪ್ಪು ಮಾಡಲು ಹೋಗಿದ್ದೇ ನಾನು ಮಾಡಿದ ತಪ್ಪು. ಈ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆದು ಒಣಗಿಸುವುದು. ಹಚ್ಚುವುದು ಕೊನೆಯ ಹತ್ತು ನಿಮಿಷದ ಕೆಲಸ.

ಬಣ್ಣ ಹೋಗುವುದು ಯಾಕೆ

ನಮ್ಮ ಜಿಲ್ಲೆಯ ಸಂಪಾಜೆ ಕಡೆ ರಬ್ಬರ್ ತೋಟಗಳಿವೆ. ಆ ಮರದ ಹಾಲಿನಿಂದ ಬರುವ ರಬ್ಬರ್ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. ಆದರೆ ಬಿಸಿಲು ಮತ್ತು ಗಾಳಿಯಲ್ಲಿರುವ ಓಝೋನ್ ಅದಕ್ಕೆ ಆಗಿಬರುವುದಿಲ್ಲ, ಬೇಗ ಬಿರುಕು ಬಿಡುತ್ತದೆ. ಹಾಗಾಗಿ ಈಗಿನ ಕಾರುಗಳ ಬಾಗಿಲು, ಗಾಜಿನ ಬೀಡಿಂಗ್‌ಗೆ ಹೆಚ್ಚಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್ ಬಳಸುತ್ತಾರೆ. ಬಿಸಿಲು, ಮಳೆ, ಓಝೋನ್ ಮೂರನ್ನೂ ಇದು ಚೆನ್ನಾಗಿ ತಡೆಯುತ್ತದೆ. ಇದರ ವೀಕ್‌ನೆಸ್ ಒಂದೇ, ಪೆಟ್ರೋಲಿಯಂ ಎಣ್ಣೆಗಳು. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್, ಪೆಟ್ರೋಲಿಯಂ ಜೆಲ್ಲಿ ಯಾವುದು ತಾಗಿದರೂ ಅದನ್ನು ಹೀರಿಕೊಂಡು ಊದುತ್ತದೆ, ಮೆತ್ತಗಾಗುತ್ತದೆ. ನನ್ನ ಬಾಗಿಲಿಗೆ ಆಗಿದ್ದು ಅದೇ.

ರಬ್ಬರ್ ಕಪ್ಪಗಿರುವುದು ಅದಕ್ಕೆ ಬೆರೆಸಿದ ಕಾರ್ಬನ್ ಬ್ಲ್ಯಾಕ್‌ನಿಂದ, ಅಂದರೆ ನಯವಾದ ಮಸಿಯಿಂದ. ಅದು ಬಣ್ಣಕ್ಕೆ ಮಾತ್ರ ಅಲ್ಲ. ರಬ್ಬರ್‌ಗೆ ಬಲ ಕೊಡುತ್ತದೆ, ಬಿಸಿಲಿನ ಅತಿನೇರಳೆ ಕಿರಣವನ್ನು ತಾನೇ ನುಂಗಿ ಒಳಗೆ ಹೋಗದಂತೆ ತಡೆಯುತ್ತದೆ. ವರ್ಷಗಟ್ಟಲೆ ಬಿಸಿಲು ಬಿದ್ದಾಗ ಮೇಲಿನ ತೆಳು ಪದರ ಸವೆದು ಪುಡಿಯಾಗುತ್ತದೆ. ಆಗ ಬೂದು ಕಾಣುತ್ತದೆ. ಒಳಗೆ ರಬ್ಬರ್ ಇನ್ನೂ ಕಪ್ಪಾಗಿಯೇ ಇರುತ್ತದೆ. ಇನ್ನೊಂದು ಸಂಗತಿ, ರಬ್ಬರ್ ತಯಾರಿಸುವಾಗ ಸೇರಿಸಿದ ಮೇಣ ಮತ್ತು ಬೇರೆ ವಸ್ತುಗಳು ನಿಧಾನಕ್ಕೆ ಮೇಲೆ ಬಂದು ಬಿಳಿ ಪೊರೆ ಕಟ್ಟುವುದೂ ಉಂಟು. ಅದು ರೋಗವಲ್ಲ. ಒರೆಸಿದರೆ ಹೋಗುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಬರಬಹುದು.

ಕೊಡಗಿನಲ್ಲಿ ಊರಿನಿಂದ ಊರಿಗೆ ಕಲೆ ಬೇರೆ. ಕುಶಾಲನಗರದ ಕಡೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಲ್ಲಿ ಮನೆ ಮುಂದೆ ನಿಲ್ಲಿಸುವ ಗಾಡಿಯ ರಬ್ಬರ್ ಬೂದಾಗುತ್ತದೆ, ಒಣಗುತ್ತದೆ. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಬ್ಬರ್ ಒಣಗುವುದೇ ಇಲ್ಲ. ಅಲ್ಲಿ ಪಾಚಿ, ಬೂಷ್ಟು. ನಮ್ಮ ಸುಂಟಿಕೊಪ್ಪ ಮಧ್ಯದಲ್ಲಿದೆ, ಎರಡೂ ಸಿಗುತ್ತದೆ! ಒಂದೇ ಜಿಲ್ಲೆ, ಒಂದೇ ಮಾದರಿಯ ಕಾರು ಅಂತ ಒಂದೇ ಔಷಧಿ ಹಚ್ಚಿದರೆ ಕೆಲಸ ಕೆಡುತ್ತದೆ.

ಮೊದಲು ಇದು ರಬ್ಬರಾ, ಪ್ಲಾಸ್ಟಿಕ್ಕಾ?

ಬಂಪರ್, ಚಕ್ರದ ಮೇಲಿನ ಕಪ್ಪು ಅಂಚು, ಕನ್ನಡಿಯ ಬುಡ, ವೈಪರ್ ಕೆಳಗಿನ ಕಪ್ಪು ಜಾಲರಿ, ಇವೆಲ್ಲ ಪ್ಲಾಸ್ಟಿಕ್. ಬಾಗಿಲ ಸುತ್ತ, ಗಾಜು ಏರಿಳಿಯುವ ಸಂದಿ, ಮುಂದಿನ ಹಿಂದಿನ ಗಾಜಿನ ಅಂಚು, ಡಿಕ್ಕಿ ಬಾಗಿಲು, ಇವುಗಳದ್ದು ರಬ್ಬರ್. ಅನುಮಾನ ಇದ್ದರೆ ಉಗುರಿನಿಂದ ಒತ್ತಿ. ತಗ್ಗಿ ಮತ್ತೆ ಮೇಲೆದ್ದರೆ ರಬ್ಬರ್. ಗಟ್ಟಿಯಾಗಿ ಹಾಗೇ ನಿಂತರೆ ಪ್ಲಾಸ್ಟಿಕ್. ಬಾಗಿಲ ಗಾಜಿನ ಕೆಳಗಿನ ಉದ್ದ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಹೊರಗೆ ಗಟ್ಟಿ, ಗಾಜಿಗೆ ತಾಗುವ ತುಟಿ ಮೆತ್ತಗೆ.

ಕಲೆ ಗುರುತಿಸುವುದು

ಇದಕ್ಕೆ ಒಂದು ಲೋಟ ನೀರು, ಒಂದು ಬಿಳಿ ಬಟ್ಟೆ ಸಾಕು.

ಬೂದಾದ ಜಾಗಕ್ಕೆ ನೀರು ಸವರಿ. ಒದ್ದೆ ಇರುವಾಗ ಚೆನ್ನಾಗಿ ಕಪ್ಪಾಗಿ, ಒಣಗಿದ ಕೂಡಲೇ ಮತ್ತೆ ಬೂದಾದರೆ ಅದು ಬಿಸಿಲಿನ ಕೆಲಸ, ಮೇಲ್ಪದರ ಸವೆದಿದೆ. ಒದ್ದೆ ಮಾಡಿದಾಗಲೂ ಬಿಳಿ ಗೆರೆ, ಬಿಳಿ ಚುಕ್ಕೆ ಹಾಗೇ ಉಳಿದರೆ ಮೇಲೆ ಏನೋ ಕೂತಿದೆ ಅಂತ ಅರ್ಥ. ಅದು ಒಣಗಿದ ಪಾಲಿಶ್ ಆಗಿರಬಹುದು, ಸುಣ್ಣ ಇರಬಹುದು, ಬಾವಿ ನೀರಿನ ಉಪ್ಪು ಇರಬಹುದು. ಪೇಂಟ್ ಜೊತೆ ಸೇರುವ ಅಂಚಿನಲ್ಲಿ ಮಾತ್ರ ಬಿಳಿ ಇದ್ದರೆ ಹೆಚ್ಚುಪಾಲು ಪಾಲಿಶ್. ಬಾನೆಟ್ ಮೇಲೆ, ಗಾಜಿನ ಮೇಲೆ, ರಬ್ಬರ್ ಮೇಲೆ ಎಲ್ಲ ಕಡೆ ಹನಿಹನಿಯಾಗಿ ತಿಳಿ ನೀಲಿ ಬಿಳಿ ಚುಕ್ಕೆ ಕಂಡರೆ ಬೋರ್ಡೋ, ಅಂದರೆ ತೋಟಕ್ಕೆ ಹೊಡೆಯುವ ಮದ್ದು.

ಈಗ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ. ಬಟ್ಟೆಗೆ ಕಪ್ಪು ಬಂದರೆ ಸವೆದ ರಬ್ಬರ್ ಪುಡಿ ಅಥವಾ ಹಿಂದೆ ಯಾರೋ ಹಚ್ಚಿದ ಡ್ರೆಸ್ಸಿಂಗ್, ಅಂದರೆ ರಬ್ಬರ್ ಕಪ್ಪಗೆ ಕಾಣಲು ಹಚ್ಚುವ ದ್ರವ. ಹಸಿರು ಬಂದರೆ ಪಾಚಿ. ಏನೂ ಬರದೆ ಕಪ್ಪು ಚುಕ್ಕೆ ಹಾಗೇ ಉಳಿದರೆ ಬೂಷ್ಟು ಒಳಗೆ ಇಳಿದಿದೆ. ಬೆರಳಿಗೆ ಅಂಟಂಟಾಗಿ, ಮುಟ್ಟಿದರೆ ಮಸಿ ಮೆತ್ತಿಕೊಳ್ಳುವ ರಬ್ಬರ್‌ಗೆ ಈ ಮಾರ್ಗದರ್ಶಿಯಿಂದ ಪ್ರಯೋಜನವಿಲ್ಲ. ಅದು ಎಣ್ಣೆ ಕುಡಿದು ಕೆಟ್ಟಿದೆ. ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಬೇಕಾದ ಸಾಮಾನು

ಎರಡು ಬಕೆಟ್, ಕಾರ್ ಶಾಂಪೂ, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ. ಮೆತ್ತನೆಯ ಹಳೇ ಟೂತ್‌ಬ್ರಷ್ ಎರಡು, ಒಂದು ಅಗಲದ ಪೇಂಟ್ ಬ್ರಷ್. ಮಾಸ್ಕಿಂಗ್ ಟೇಪ್. ಆಲ್ ಪರ್ಪಸ್ ಕ್ಲೀನರ್ ಒಂದು ಬಾಟಲಿ, ಬಿಳಿ ವಿನೆಗರ್ ಒಂದು ಬಾಟಲಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್. ಮಕ್ಕಳ ಪೆನ್ಸಿಲ್ ರಬ್ಬರ್, ಬಿಳಿಯದು. ಐಸ್‌ಕ್ಯಾಂಡಿ ಕಡ್ಡಿ ಅಥವಾ ತೆಳ್ಳಗೆ ಕೆತ್ತಿದ ಬಿದಿರಿನ ಸೀಳು. ಕೈಗವಸು. ಕೊನೆಗೆ ಹಚ್ಚಲು ವಾಟರ್ ಬೇಸ್ಡ್ ಡ್ರೆಸ್ಸಿಂಗ್, ಬಾಗಿಲ ಬೀಡಿಂಗ್‌ಗೆ ಸಿಲಿಕೋನ್ ಗ್ರೀಸ್ ಅಥವಾ ಸಿಲಿಕೋನ್ ಸ್ಪ್ರೇ.

ವಿನೆಗರ್ ಬದಲು ಮನೆಯಲ್ಲಿರುವ ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿ ರಸ) ಹಾಕಬಹುದಾ ಅಂತ ನಮ್ಮಲ್ಲೊಬ್ಬರು ಕೇಳಿದ್ದರು. ಹುಳಿ ಏನೋ ಇದೆ. ಆದರೆ ಅದು ಕಪ್ಪಗೆ, ಅಂಟಂಟು, ಅದರ ರೇಟೂ ನಿಮಗೆ ಗೊತ್ತು. ಪಂದಿ ಕರಿಗೇ, ಹಂದಿ ಮಾಂಸದ ಸಾರಿಗೇ ಇರಲಿ.

ತೊಳೆಯುವುದು

ನೆರಳಿನಲ್ಲಿ ಮಾಡಿ. ಬಿಸಿಲಿಗೆ ಕಾದ ರಬ್ಬರ್ ಮೇಲೆ ಕ್ಲೀನರ್ ಹಾಕಿದರೆ ಉಜ್ಜುವ ಮೊದಲೇ ಒಣಗಿ ಕಲೆ ಬೀಳುತ್ತದೆ. ಹಾಗಂತ ಹಲಸಿನ ಮರದ ಕೆಳಗೆ ನಿಲ್ಲಿಸಬೇಡಿ, ತೊಳೆದು ಮುಗಿಯುವಷ್ಟರಲ್ಲಿ ಇನ್ನೊಂದು ಕೆಲಸ ಮೇಲಿಂದ ಬಿದ್ದಿರುತ್ತದೆ.

ಮೊದಲು ಒಣ ಕಸ ತೆಗೆಯಿರಿ. ವೈಪರ್ ಕೆಳಗಿನ ಜಾಲರಿ, ಡಿಕ್ಕಿ ಬಾಗಿಲಿನ ಸಂದಿ, ಬಾಗಿಲ ಹಿಂಜ್ ಹತ್ತಿರ ಸಿಲ್ವರ್ ಓಕ್ ಮರದ ಎಲೆ ತುಂಬಿಕೊಂಡಿರುತ್ತದೆ. ಇದು ಕೊಳೆತು ಗೊಬ್ಬರವಾಗಿಯೇ ನಮ್ಮ ಗಿಡ ಹುಟ್ಟಿದ್ದು. ಕೈಯಿಂದ ತೆಗೆದು, ಪೇಂಟ್ ಬ್ರಷ್‌ನಿಂದ ಗುಡಿಸಿ. ಬಾಗಿಲ ಕೆಳ ಅಂಚನ್ನು ಬಗ್ಗಿ ನೋಡಿ. ಅಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ. ಕೆಂಪು ಮಣ್ಣು ಕೂತು ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿ. ಅವು ಮುಚ್ಚಿದ್ದರೆ ಬಾಗಿಲೊಳಗೆ ನೀರು ನಿಂತು ಹೊರಗೆ ಎಷ್ಟು ತಿಕ್ಕಿದರೂ ಬೂಷ್ಟು ವಾಪಸ್ ಬರುತ್ತದೆ.

ಆಮೇಲೆ ಇಡೀ ಕಾರಿಗೆ ಶಾಂಪೂ. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಕೆಂಪು ಮಣ್ಣು ಅಂದರೆ ಸಣ್ಣ ಮರಳು ಕಾಗದ ಇದ್ದ ಹಾಗೆ. ಅದನ್ನು ತೆಗೆಯದೆ ಬೀಡಿಂಗ್ ಉಜ್ಜಿದರೆ ಪಕ್ಕದ ಪೇಂಟ್‌ಗೆ ಗೀರು ಗ್ಯಾರಂಟಿ. ಪ್ರೆಶರ್ ವಾಷರ್ ಇದ್ದರೆ ಬೀಡಿಂಗ್‌ನಿಂದ ಒಂದು ಮೊಳ ದೂರ ಇಡಿ. ರಬ್ಬರ್ ತುದಿಗೆ ನೇರ ಹೊಡೆಯಬೇಡಿ. ತುಟಿ ಎದ್ದು ನೀರು ಒಳಗೆ ಹೋಗುತ್ತದೆ.

ತೊಳೆದ ಮೇಲೆ ರಬ್ಬರ್ ಪಕ್ಕದ ಪೇಂಟ್‌ಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ನಾನು ಇದನ್ನು ಬಿಟ್ಟು ಮಾಡಿ ನೋಡಿದ್ದೇನೆ. ಬಿಳಿ ಕಾರಿನಲ್ಲಿ ಪರವಾಗಿಲ್ಲ ಅನ್ನಿಸುತ್ತದೆ. ಕಪ್ಪು, ಕೆಂಪು ಕಾರಿನಲ್ಲಿ ಟೂತ್‌ಬ್ರಷ್ ಗೀರು ಎದ್ದು ಕಾಣುತ್ತದೆ.

ಯಾವ ಕಲೆಗೆ ಯಾವ ಮದ್ದು

ಪಾಚಿ ಮತ್ತು ಬೂಷ್ಟಿನಿಂದ ಶುರು ಮಾಡೋಣ, ನಮ್ಮ ಊರಿನ ದೊಡ್ಡ ತಲೆನೋವು ಅದೇ ಅಲ್ವಾ. ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆ ಅದ್ದಿ ಪಾಚಿಯ ಮೇಲೆ ಹೊದಿಸಿ. ಸುಮ್ನೆ ಸ್ಪ್ರೇ ಮಾಡಿದರೆ ಇಳಿದು ಹೋಗುತ್ತದೆ, ಒದ್ದೆ ಬಟ್ಟೆಯಾದರೆ ಅಲ್ಲೇ ಕೂರುತ್ತದೆ. ಹತ್ತು ನಿಮಿಷ ಬಿಟ್ಟು ಟೂತ್‌ಬ್ರಷ್‌ನಿಂದ ಉದ್ದಕ್ಕೆ ಉಜ್ಜಿ. ಅಡ್ಡ ಉಜ್ಜಬೇಡಿ, ರಬ್ಬರ್ ತುಟಿ ಮಡಚಿ ಕಿತ್ತು ಬರುತ್ತದೆ. ಸಂದಿಯ ಒಳಗಿನದ್ದಕ್ಕೆ ಬಿದಿರಿನ ಸೀಳಿಗೆ ಬಟ್ಟೆ ಸುತ್ತಿ ಎಳೆಯಿರಿ. ಮೊದಲ ಸಲ ಬರುವ ಹಸಿರು ಲೋಳೆ ನೋಡಿದರೆ ಊಟ ಸೇರುವುದಿಲ್ಲ. ಇನ್ನೊಂದು ಸಲ ಮಾಡಿ, ಆಮೇಲೆ ಧಾರಾಳವಾಗಿ ನೀರು ಹಾಕಿ. ವಿನೆಗರ್ ಆಮ್ಲ, ಪೇಂಟ್ ಕಿತ್ತ ತಗಡಿನ ಮೇಲೆ ನಿಂತರೆ ತುಕ್ಕಿಗೆ ದಾರಿ.

ಕಪ್ಪು ಬೂಷ್ಟು ಚುಕ್ಕೆ ಉಳಿದರೆ ಮೆಡಿಕಲ್ ಶಾಪ್‌ನ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಹತ್ತಿಯಲ್ಲಿ ಅದ್ದಿ ಚುಕ್ಕೆಯ ಮೇಲೆ ಮಾತ್ರ ಇಡಿ. ಐದು ನಿಮಿಷ ಸಾಕು, ಆಮೇಲೆ ತೊಳೆಯಿರಿ. ಸೀಟ್ ಬಟ್ಟೆಗೆ ತಾಗಿಸಬೇಡಿ. ಬಾವಿಗೆ ಹಾಕಲು ತಂದಿಟ್ಟ ಬ್ಲೀಚಿಂಗ್ ಪುಡಿ ಮಾತ್ರ ಬೇಡವೇ ಬೇಡ. ಸೀಟ್ ಬೆಲ್ಟ್ ಬಣ್ಣ ಹೋಗುತ್ತದೆ, ಲೋಹ ಕೊರೆಯುತ್ತದೆ. ಅದಕ್ಕಿಂತ ಮುಖ್ಯ, ಬ್ಲೀಚಿಂಗ್ ಪುಡಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮುಚ್ಚಿದ ಶೆಡ್‌ನಲ್ಲಿ ಅದು ತಮಾಷೆಯ ಮಾತಲ್ಲ. ವಿನೆಗರ್ ಮತ್ತು ಪೆರಾಕ್ಸೈಡ್ ಕೂಡ ಒಂದೇ ಬಾಟಲಿಗೆ ಹಾಕಬೇಡಿ. ಒಂದನ್ನು ತೊಳೆದ ಮೇಲೆ ಇನ್ನೊಂದು.

ಇನ್ನು ಬೋರ್ಡೋ. ಮೈಲುತುತ್ತು, ಸುಣ್ಣ, ನೀರು ಸೇರಿಸಿದ ದ್ರಾವಣ ಇದು. ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ, ಕಾಫಿಗೆ ಹೊಡೆಯುತ್ತಾರೆ. ಮಳೆ ಬಿಟ್ಟ ಮೇಲೂ ಹೊಡೆಯುವುದುಂಟು. ತೋಟದ ದಾರಿಯಲ್ಲಿ ಕಾರು ನಿಲ್ಲಿಸಿದ್ದರೆ ಗಾಳಿಗೆ ಹಾರಿ ಬಂದು ಕೂರುತ್ತದೆ. ಎಲೆಗೆ ಅಂಟಿ ಮಳೆಗೂ ಜಾರದೆ ನಿಲ್ಲಲಿ ಅಂತಲೇ ಮಾಡಿದ ದ್ರಾವಣ ಅದು, ರಬ್ಬರ್‌ಗೂ ಹಾಗೇ ಅಂಟುತ್ತದೆ. ಬರೀ ಸೋಪಿಗೆ ಜಗ್ಗುವುದಿಲ್ಲ. ಸುಣ್ಣ ಕರಗಲು ಹುಳಿ ಬೇಕು. ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಬಟ್ಟೆಯಿಂದ ಒತ್ತಿ ಹಿಡಿದು, ಕರಗಿದ ಮೇಲೆ ಒರೆಸಿ. ಒಣ ಚುಕ್ಕೆಯನ್ನು ಉಗುರಿನಿಂದ ಕೆರೆಯಬೇಡಿ. ಹೊಡೆದ ದಿನವೇ ಬರೀ ನೀರಿನಿಂದ ತೊಳೆದುಬಿಟ್ಟರೆ ಇಷ್ಟೆಲ್ಲ ಕಷ್ಟವೇ ಇಲ್ಲ. ಸ್ಪ್ರೇ ಇರುವ ದಿನ ಗಾಡಿ ಆಚೆ ನಿಲ್ಲಿಸಿ ಅಂತ ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಪ್ರತಿ ವರ್ಷ ಹೇಳುತ್ತಾರೆ, ನಾನು ಪ್ರತಿ ವರ್ಷ ಮರೆಯುತ್ತೇನೆ. ಬಾವಿ ನೀರಿನ ಉಪ್ಪಿನ ಕಲೆಗೂ ಇದೇ ಅಳತೆ ಸಾಕು.

ಒಣಗಿದ ಪಾಲಿಶ್ ತೆಗೆಯಲು ಪೆನ್ಸಿಲ್ ರಬ್ಬರ್‌ನಷ್ಟು ಒಳ್ಳೆಯದು ನಾನು ಕಂಡಿಲ್ಲ. ಒಣ ಬೀಡಿಂಗ್ ಮೇಲೆ ಕಾಗದದಲ್ಲಿ ಅಳಿಸುವ ಹಾಗೆಯೇ ಅಳಿಸಿ. ಬಿಳಿ ಉಂಡೆಗಟ್ಟಿ ಉದುರುತ್ತದೆ. ಉಳಿದದ್ದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆಗೆ ಹಾಕಿಕೊಂಡು ಒರೆಸಿ. ಬೀಡಿಂಗ್ ಮೇಲೆ ನೇರ ಸುರಿಯಬೇಡಿ. ಬೇಗ ಹೊತ್ತಿಕೊಳ್ಳುವ ವಸ್ತು, ಹತ್ತಿರ ಬೀಡಿ ಸಿಗರೇಟು ಇರಬಾರದು.

ಹಲಸಿನ ಮೇಣ, ಮರದ ಅಂಟು ಬಿದ್ದಿದ್ದರೆ ಅಡುಗೆಮನೆಯ ಬುದ್ಧಿಯೇ ಸಾಕು. ಹಲಸು ಕೊಯ್ಯುವ ಕತ್ತಿಗೆ ಹಚ್ಚುವ ತೆಂಗಿನೆಣ್ಣೆಯನ್ನೇ ಬಟ್ಟೆಯ ತುದಿಗೆ ಎರಡು ಹನಿ ಹಾಕಿ ಅಂಟಿನ ಮೇಲೆ ತಿಕ್ಕಿ. ಬಿಟ್ಟು ಬಂದ ಕೂಡಲೇ ಸೋಪು ಹಾಕಿ ಎಣ್ಣೆಯನ್ನು ಪೂರ್ತಿ ತೊಳೆಯಿರಿ. ಹೊಳಪಿಗೆ ಅಂತ ತೆಂಗಿನೆಣ್ಣೆ ಹಚ್ಚಿ ಬಿಡುವುದು ಬೇರೆ ವಿಷಯ, ಅದನ್ನು ಮಾಡಬೇಡಿ. ಧೂಳು ಮೆತ್ತಿಕೊಳ್ಳುತ್ತದೆ, ಕಮಟು ವಾಸನೆ ಬರುತ್ತದೆ, ಇರುವೆಯೂ ಬರುತ್ತದೆ.

ಬಿಸಿಲಿಗೆ ಬೂದಾದ ರಬ್ಬರ್‌ಗೆ ಆಲ್ ಪರ್ಪಸ್ ಕ್ಲೀನರ್. ಒಂದು ಪಾಲಿಗೆ ಹತ್ತು ಪಾಲು ನೀರು. ಬಾಟಲಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಒಂದೊಂದು ಅಡಿ ಉದ್ದ ಮಾತ್ರ ಒದ್ದೆ ಮಾಡಿ, ಬ್ರಷ್‌ನಿಂದ ಉಜ್ಜಿ, ಒಣಗುವ ಮೊದಲೇ ಒರೆಸಿ. ಬಟ್ಟೆಗೆ ಕಪ್ಪು ಬರುತ್ತದೆ. ಹೆದರಬೇಡಿ, ಸತ್ತ ಪದರ ಅದು. ಮೂರು ನಾಲ್ಕು ಸಲ ಮಾಡಿದ ಮೇಲೆ ಕಪ್ಪು ಬರುವುದು ತುಂಬಾ ಕಡಿಮೆಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಪೂರ್ತಿ ನಿಲ್ಲುವ ತನಕ ಉಜ್ಜುತ್ತೇನೆ ಅಂತ ಹಟ ಹಿಡಿದರೆ ಒಳ್ಳೆಯ ರಬ್ಬರನ್ನೇ ಸವೆಸುತ್ತೀರಿ. ಮರಳು ಕಾಗದ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬರ್ ಎರಡೂ ದೂರ ಇರಲಿ.

ಒಣಗಿಸುವುದು

ಹೆಚ್ಚಿನವರು ತಪ್ಪುವುದು ಇಲ್ಲೇ. ಕೈಗೆ ಒಣಗಿದ ಹಾಗೆ ಕಂಡರೂ ಬೀಡಿಂಗ್‌ನ ಕೊಳವೆಯಂಥ ಒಳಭಾಗದಲ್ಲಿ, ಗಾಜಿನ ಸಂದಿಯಲ್ಲಿ ನೀರು ಇರುತ್ತದೆ. ಮೇಲೆ ಡ್ರೆಸ್ಸಿಂಗ್ ಹಚ್ಚಿದರೆ ಅದು ಹಿಡಿಯುವುದಿಲ್ಲ, ಎರಡು ದಿನಕ್ಕೆ ಬಿಳಿ ಕಲೆಯಾಗಿ ಸುಲಿಯುತ್ತದೆ. ಕಣದಲ್ಲಿ ಕಾಫಿ ಒಣಗಿಸಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಒಣಗಿದ್ದು ಒಳಗೆ ಒಣಗಿರಬೇಕು ಅಂತೇನಿಲ್ಲ.

ಬಾಗಿಲು, ಡಿಕ್ಕಿ ಎಲ್ಲ ತೆರೆದಿಟ್ಟು, ಒಳಗಿನ ಲೈಟ್ ಆರಿಸಿ. ಇಲ್ಲದಿದ್ದರೆ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ. ಬೀಡಿಂಗನ್ನು ಬೆರಳಿನಿಂದ ಒತ್ತುತ್ತಾ ಬಟ್ಟೆ ಎಳೆಯಿರಿ, ಒಳಗಿನ ನೀರು ಹೊರಬರುತ್ತದೆ. ಅಕ್ಟೋಬರ್ ನಂತರದ ಒಣ ಗಾಳಿಯಾದರೆ ಎರಡು ಮೂರು ಗಂಟೆ. ಮೋಡ ಮುಸುಕಿದ ದಿನವಾದರೆ ಶೆಡ್ ಒಳಗೆ ಟೇಬಲ್ ಫ್ಯಾನ್ ಹಾಕಿ ರಾತ್ರಿ ಪೂರ್ತಿ ಬಿಡಿ. ಹೇರ್ ಡ್ರೈಯರ್ ತಣ್ಣನೆಯ ಗಾಳಿಯಲ್ಲಿ ಮಾತ್ರ. ಹಚ್ಚುವ ಮೊದಲು ಆಲ್ಕೋಹಾಲ್ ನೀರಿನಿಂದ ಹಗುರವಾಗಿ ಒಮ್ಮೆ ಒರೆಸಿಬಿಟ್ಟರೆ ಉಳಿದ ಜಿಡ್ಡೂ ಹೋಗುತ್ತದೆ.

ಇಲ್ಲಿಗೆ ಒಂದು ಸಲ ನಿಂತು ನೋಡಿ. ನಮ್ಮ ಕಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಏನೂ ಹಚ್ಚದೆಯೇ ಕಪ್ಪಾಗಿತ್ತು.

ಹಚ್ಚುವುದು

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಹಾಲಿನಂತೆ ಬೆಳ್ಳಗೆ, ತೆಳ್ಳಗೆ ಇರುವುದು ಸಾಮಾನ್ಯವಾಗಿ ವಾಟರ್ ಬೇಸ್ಡ್. ಎಣ್ಣೆಯಂತೆ ಪಾರದರ್ಶಕವಾಗಿ, ಪೆಟ್ರೋಲ್ ವಾಸನೆ ಹೊಡೆಯುವುದು ಸಾಲ್ವೆಂಟ್ ಬೇಸ್ಡ್. ಎರಡನೆಯದು ಹೆಚ್ಚು ಹೊಳೆಯುತ್ತದೆ. ಆದರೆ ರಬ್ಬರ್‌ಗೆ ಮೊದಲನೆಯದೇ ಸರಿ. ಲೇಬಲ್‌ನಲ್ಲಿ ಅತಿನೇರಳೆ ಕಿರಣದಿಂದ ರಕ್ಷಣೆ ಎಂದು ಬರೆದಿದೆಯಾ ನೋಡಿಕೊಳ್ಳಿ. 303 ಏರೋಸ್ಪೇಸ್ ಪ್ರೊಟೆಕ್ಟೆಂಟ್ ಎಂಬುದು ಈ ಬಗೆಯದ್ದು. ಬೆಲೆ ಸ್ವಲ್ಪ ಜಾಸ್ತಿ, ಆದರೆ ಇಡೀ ಕಾರಿಗೆ ಎರಡು ಮೂರು ಚಮಚ ಸಾಕಾಗುತ್ತದೆ.

ಸ್ಪಂಜಿಗೆ ಸ್ವಲ್ಪ ಹಾಕಿಕೊಂಡು ಒಂದೇ ದಿಕ್ಕಿನಲ್ಲಿ ತೆಳ್ಳಗೆ ಎಳೆಯಿರಿ. ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಹೆಚ್ಚಿನದನ್ನು ಒರೆಸಿ ತೆಗೆಯಿರಿ. 303 ಆದರೆ ತಾನಾಗಿ ಒಣಗಲು ಬಿಡದೆ ತಕ್ಷಣ ಒರೆಸಬೇಕು. ದಪ್ಪಗೆ ಮೆತ್ತಿ ಬಳಿದರೆ ಮೊದಲ ಮಳೆಗೇ ಬಾಗಿಲ ಮೇಲೆ ಕಣ್ಣೀರಿನ ಗೆರೆ ಇಳಿಯುತ್ತದೆ. ಬೇಕಿದ್ದರೆ ಮಾರನೆಯ ದಿನ ಇನ್ನೊಂದು ತೆಳು ಕೈ. ರಬ್ಬರ್ ಮಂಕಾದ ಕಪ್ಪಾಗಿ ಕಂಡರೆ ಸರಿಯಾಗಿದೆ. ಹೊಸ ಕಾರಿನ ರಬ್ಬರ್ ಕೂಡ ಹೊಳೆಯುವುದಿಲ್ಲ.

ಬಾಗಿಲ ಒಳಗಿನ ಬೀಡಿಂಗ್‌ಗೆ ಶುದ್ಧ ಸಿಲಿಕೋನ್ ಗ್ರೀಸ್ ಒಂದು ಕಡಲೆಕಾಳಿನಷ್ಟು ಬೆರಳಿಗೆ ತೆಗೆದುಕೊಂಡು ಸವರಿ. ಒಂದು ಬಾಗಿಲಿಗೆ ಮೂರು ನಾಲ್ಕು ಕಾಳು. ಬಟ್ಟೆಗೆ ಅಂಟದಷ್ಟು ಒರೆಸಿಬಿಡಿ. ಗ್ರೀಸ್ ಸಿಗದಿದ್ದರೆ ಮೆಡಿಕಲ್ ಶಾಪ್‌ನ ಗ್ಲಿಸರಿನ್ ಕೂಡ ರಬ್ಬರ್‌ಗೆ ಒಳ್ಳೆಯದೇ, ಆದರೆ ನೀರಲ್ಲಿ ಕರಗುವ ವಸ್ತು. ಮಳೆಗಾಲದಲ್ಲಿ ನಿಲ್ಲುವುದಿಲ್ಲ. ಎಲ್ಲರ ಮನೆಯಲ್ಲಿರುವ ಮಾಮೂಲಿ ಡಬ್ಲ್ಯೂಡಿ-40 ಇದಕ್ಕಲ್ಲ, ಅದರಲ್ಲಿ ಪೆಟ್ರೋಲಿಯಂ ಇದೆ.

ಗಾಜು ಏರಿಳಿಯುವ ಸಂದಿಗೆ ಸಿಲಿಕೋನ್ ಸ್ಪ್ರೇ. ಗಾಜು ಪೂರ್ತಿ ಇಳಿಸಿ, ಉದ್ದ ಕೊಳವೆ ಸಿಕ್ಕಿಸಿ, ಎರಡು ಬದಿಯ ಸಂದಿಗೆ ಚಿಕ್ಕದಾಗಿ ಹೊಡೆದು, ನಾಲ್ಕೈದು ಸಲ ಗಾಜು ಏರಿಸಿ ಇಳಿಸಿ. ಅಳುತ್ತಾ ಏರುತ್ತಿದ್ದ ಗಾಜು ಸುಮ್ಮನಾಗುತ್ತದೆ. ಗಾಜಿಗೆ ಮೆತ್ತಿದ್ದನ್ನು ಆಲ್ಕೋಹಾಲ್ ನೀರಿನಿಂದ ಒರೆಸಿ. ಮುಂದಿನ ಗಾಜಿಗೆ ಸಿಲಿಕೋನ್ ಹನಿ ಬೀಳಬಾರದು. ಮಡಿಕೇರಿ ಘಾಟಿಯಲ್ಲಿ ಮಂಜು ಮಳೆ ಎರಡೂ ಸೇರಿದಾಗ ವೈಪರ್ ಎಳೆದಂತೆಲ್ಲ ಮಸುಕಾದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಅದೇ ಕಾರಣಕ್ಕೆ ವೈಪರ್ ರಬ್ಬರ್‌ಗೂ ಏನೂ ಹಚ್ಚಬೇಡಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಪೆಡಲ್ ರಬ್ಬರ್, ಸ್ಟೇರಿಂಗ್, ಟೈರಿನ ನೆಲ ಮುಟ್ಟುವ ಭಾಗ, ಇವಕ್ಕೂ ಯಾವತ್ತೂ ಹಚ್ಚಬಾರದು. ಜಾರುತ್ತದೆ. ಹತ್ತಿರದಲ್ಲೇ ಕಾರಿಗೆ ಪೇಂಟ್ ಮಾಡಿಸುವ ಯೋಚನೆ ಇದ್ದರೆ ಸಿಲಿಕೋನ್ ಕೆಲಸ ಆಮೇಲೆ ಇಟ್ಟುಕೊಳ್ಳಿ. ಸಿಲಿಕೋನ್ ಉಳಿದ ಜಾಗದಲ್ಲಿ ಹೊಸ ಪೇಂಟ್ ಹಿಡಿಯದೆ ಗುಳಿ ಬೀಳುತ್ತದೆ.

ಶೂ ಪಾಲಿಶ್ ಬಗ್ಗೆ ಒಂದು ಮಾತು. ಕಪ್ಪಾಗುತ್ತದೆ, ಸುಳ್ಳಲ್ಲ. ಮದುವೆಗೆ ಹೊರಟ ದಿನ ಬಾಗಿಲಿಗೆ ಒರಗಿದವರ ಸೀರೆಗೂ ಅದೇ ಕಪ್ಪು ಹತ್ತುತ್ತದೆ. ನಮ್ಮ ಅತ್ತೆ ಈಗಲೂ ನಮ್ಮ ಕಾರು ಹತ್ತುವ ಮೊದಲು ಬಾಗಿಲನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ.

ಪ್ಲಾಸ್ಟಿಕ್ ಭಾಗಗಳಿಗೆ

ತೊಳೆಯುವ ವಿಧಾನ ಹೆಚ್ಚುಕಡಿಮೆ ಅದೇ. ತೀರಾ ಬೂದಾದ ಬಂಪರ್‌ಗೆ ಕಪ್ಪು ಬಣ್ಣ ಇರುವ ಟ್ರಿಮ್ ರೆಸ್ಟೋರರ್ ಅಥವಾ ಟ್ರಿಮ್ ಕೋಟಿಂಗ್ ಹಾಕಬಹುದು, ಡ್ರೆಸ್ಸಿಂಗ್‌ಗಿಂತ ಜಾಸ್ತಿ ದಿನ ಬರುತ್ತದೆ. ಒಮ್ಮೆ ಒಣಗಿದ ಮೇಲೆ ಪೇಂಟ್‌ಗೆ ತಾಗಿದ್ದು ಸುಲಭಕ್ಕೆ ಹೋಗುವುದಿಲ್ಲ, ಟೇಪ್ ಕಡ್ಡಾಯ. ಹೀಟ್ ಗನ್ ಹಿಡಿದರೆ ಕಪ್ಪಾಗುವ ವಿಡಿಯೋ ನೀವೂ ನೋಡಿರುತ್ತೀರಿ. ಕೆಲವು ಪ್ಲಾಸ್ಟಿಕ್‌ನಲ್ಲಿ ಆಗುತ್ತದೆ, ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ಕರಗುತ್ತದೆ. ರಬ್ಬರ್ ಹತ್ತಿರ ಅದನ್ನು ತರಲೇಬೇಡಿ.

ಯಾವಾಗ ಮಾಡುವುದು

ನಾನು ವರ್ಷಕ್ಕೆ ಎರಡು ಸಲ ಪೂರ್ತಿ ಮಾಡುತ್ತೇನೆ. ಒಂದು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು. ಇನ್ನೊಂದು ಅಕ್ಟೋಬರ್‌ನಲ್ಲಿ, ಆಯುಧ ಪೂಜೆಗೆ ಹೇಗೂ ಗಾಡಿ ತೊಳೆಯಲೇಬೇಕಲ್ಲ. ಬಿಸಿಲಿನ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಒರೆಸಿ ತೆಳ್ಳಗೆ ಹಚ್ಚಿದರೆ ಸಾಕು. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಜಡಿಮಳೆಯಲ್ಲಿ ಹಚ್ಚಲು ಹೋಗಬೇಡಿ, ದುಡ್ಡು ದಂಡ. ಆಗ ಮಾಡಬೇಕಾದ್ದು ಒಂದೇ. ವಾರಕ್ಕೊಮ್ಮೆ ಸಂದಿಯ ಎಲೆ ತೆಗೆದು, ಬೀಡಿಂಗನ್ನು ಒಣ ಬಟ್ಟೆಯಿಂದ ಒರೆಸುವುದು. ಗಾಡಿ ಶೆಡ್‌ನಲ್ಲಿ ಇದ್ದರೆ ಗಾಜು ಒಂದು ಬೆರಳಷ್ಟು ಇಳಿಸಿಡಿ, ಗಾಳಿಯಾಡಲಿ. ಒದ್ದೆ ಕಾರಿನ ಮೇಲೆ ಕವರ್ ಹೊದಿಸಿದರೆ ಪಾಚಿಗೆ ನೀವೇ ಕಂಬಳಿ ಹೊದಿಸಿದ ಹಾಗೆ.

ಬದಲಾಯಿಸಬೇಕಾ?

ಒಂದು ಕಾಗದದ ಚೂರು ಬಾಗಿಲಿಗೆ ಅಡ್ಡ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಬೀಡಿಂಗ್ ಜೀವಂತ ಇದೆ. ಸರ್ರನೆ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರ್ ಚಪ್ಪಟೆಯಾಗಿದೆ. ಬಾಗಿಲ ಸುತ್ತ ಎಂಟು ಹತ್ತು ಕಡೆ ಹೀಗೆ ನೋಡಿ. ಆಮೇಲೆ ಒಬ್ಬರು ಒಳಗೆ ಕೂತು ಇನ್ನೊಬ್ಬರು ಪೈಪ್‌ನಲ್ಲಿ ಮೇಲಿಂದ ನೀರು ಬಿಡಿ, ಎಲ್ಲಿ ಒಸರುತ್ತದೆ ಗೊತ್ತಾಗುತ್ತದೆ. ಆಳ ಬಿರುಕು, ಹರಿದ ಮೂಲೆ, ಅಂಟಂಟು, ಮರದಂತೆ ಗಟ್ಟಿಯಾದದ್ದು, ಇವಕ್ಕೆ ಯಾವ ಡ್ರೆಸ್ಸಿಂಗೂ ಜೀವ ಕೊಡುವುದಿಲ್ಲ.

ಬಾಗಿಲ ಬೀಡಿಂಗ್ ಬದಲಾಯಿಸುವುದು ಕಷ್ಟವೇನಲ್ಲ. ಹೆಚ್ಚಿನವು ಒಳಗೆ ಲೋಹದ ಪಟ್ಟಿ ಇರುವ, ತಗಡಿನ ಅಂಚಿಗೆ ಒತ್ತಿ ಕೂರಿಸುವ ಬಗೆ. ಹಳೆಯದನ್ನು ತೆಗೆಯುವ ಮೊದಲು ಅದರ ಜೋಡು ಎಲ್ಲಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ, ಹೊಸದರ ಜೋಡೂ ಅಲ್ಲೇ ಬರಬೇಕು. ತಗಡಿನ ಅಂಚಿನಲ್ಲಿ ತುಕ್ಕು ಕಂಡರೆ ಉಜ್ಜಿ, ಟಚ್‌ಅಪ್ ಪೇಂಟ್ ಹಾಕಿ, ಒಣಗಿದ ಮೇಲೆ ಮುಂದುವರಿಸಿ. ಮೂಲೆಗಳಲ್ಲಿ ಎಳೆದು ಬಿಗಿ ಮಾಡಬೇಡಿ, ಸ್ವಲ್ಪ ಸಡಿಲವಾಗಿಯೇ ತಿರುಗಿಸಿ, ಕೈಯ ಬುಡದಿಂದ ತಟ್ಟಿ ಕೂರಿಸಿ. ಮೀಟರ್ ಲೆಕ್ಕದಲ್ಲಿ ಸಿಗುವ ಬೀಡಿಂಗ್ ಅಗ್ಗ, ಆದರೆ ಆಕಾರ ಒಂದು ಸಣ್ಣ ಅಳತೆ ಬೇರೆಯಾದರೂ ಬಾಗಿಲು ಮುಚ್ಚುವುದಿಲ್ಲ ಅಥವಾ ನೀರು ನಿಲ್ಲುವುದಿಲ್ಲ. ಹಳೆಯದರ ಒಂದು ತುಂಡು ಕತ್ತರಿಸಿಕೊಂಡು ಅಂಗಡಿಗೆ ಹೋಗಿ, ಪಕ್ಕಪಕ್ಕ ಹಿಡಿದು ನೋಡಿ ತನ್ನಿ. ಮುಂದಿನ ಗಾಜಿನ ರಬ್ಬರ್ ಮಾತ್ರ ಮನೆಯಲ್ಲಿ ಮುಟ್ಟಬೇಡಿ, ಈಗಿನ ಕಾರುಗಳಲ್ಲಿ ಗಾಜನ್ನು ಅಂಟಿನಿಂದ ಕೂರಿಸಿರುತ್ತಾರೆ.

ಹೊಸ ಬೀಡಿಂಗ್ ಹಾಕಿದ ಮೊದಲ ಒಂದೆರಡು ವಾರ ಬಾಗಿಲು ಗಟ್ಟಿಯಾಗಿಯೇ ಮುಚ್ಚುತ್ತದೆ, ಅದು ಸಹಜ. ಕಿತ್ತ ಹಳೆಯದನ್ನು ಎಸೆಯಬೇಡಿ. ನಮ್ಮ ಊದಿದ ಬೀಡಿಂಗ್ ಈಗ ಸೌದೆ ಕೋಣೆಯ ಬಾಗಿಲ ಕೆಳಗಿದೆ. ಮೂರು ಮಳೆಗಾಲದಿಂದ ಅಲ್ಲಿ ಇರಚಲು ಒಳಗೆ ಬಂದಿಲ್ಲ.